ಯಜಮಾನರ ಸೀಟು

ಮಾವ ಅವನನ್ನು ಗಿರಾಕಿಗಳಿಗೆ ಪರಿಚಯ ಮಾಡಿಸುವ ರೀತಿ ಯಾವತ್ತೂ ಬದಲಾಗಲಿಲ್ಲ. "ಇವನು ನಮ್ಮ ದೊಡ್ಡ ಅಳಿಯ. ಬೋಲ್ಟು ಬಿಗಿ ಮಾಡ್ತಾನೆ." ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಮಾವನ ಕಾರ್ಖಾನೆಯಿಂದ ಹೊರಟು ದೂರದೂರದ ಮನೋರಂಜನಾ ಪಾರ್ಕುಗಳಲ್ಲಿ ನಿಂತ ರೈಡುಗಳ ಪ್ರತಿ ತಿರುವು, ಪ್ರತಿ ದಿಬ್ಬ ಅವನ ತಲೆಯಿಂದ ಇಳಿದದ್ದು. ಬಂಡಿಯಲ್ಲಿ ಕೂತವರು ಯಾವ ಜಾಗಕ್ಕೆ ಬಂದಾಗ ಬಾಯಿಬಿಟ್ಟು ಅರಚುತ್ತಾರೆ ಎಂದು ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸಬಲ್ಲವನು ಅವನೊಬ್ಬನೇ. ಆದರೆ ಊಟದ ಮೇಜಿನಲ್ಲಿ ಮಾವನ ಬಲಗಡೆಯ ಕುರ್ಚಿ ಷಡ್ಡಕನದು. ಹೆಂಡತಿಯ ತಂಗಿಯನ್ನು ಮದುವೆಯಾಗಿ ಮಾರಾಟ ವಿಭಾಗ ಹಿಡಿದ ಆ ಮನುಷ್ಯನಿಗೆ ನಟ್ಟು ಯಾವುದು, ಬೋಲ್ಟು ಯಾವುದು ತಿಳಿಯದು. ಮಾವ ಜೋಕು ಮುಗಿಸುವುದಕ್ಕೆ ಅರ್ಧ ಉಸಿರು ಮುಂಚೆ ನಗುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಒಂದು ಸಂಜೆ ಹೆಂಡತಿ ಬಟ್ಟೆ ಮಡಿಸುತ್ತಾ ಸುದ್ದಿ ಹೇಳಿದಳು. "ಈ ದೊಡ್ಡ ರೈಡ್ ಒಂದು ಹೊರಗೆ ಹೋಗ್ಲಿ, ಕಾರ್ಖಾನೆ ಯಾರ ಕೈಗೆ ಅಂತ ಹೇಳಿಬಿಡ್ತೀನಿ ಅಂದ್ರು ಅಪ್ಪ."

"ಯಾರ ಕೈಗಂತೆ?"

"ನಂಗೇನು ಗೊತ್ತು. ತಂಗಿ ಮಾತ್ರ ಈಗ್ಲೇ ಅಪ್ಪನ ಆಫೀಸ್ ರೂಮಿಗೆ ಯಾವ ಬಣ್ಣದ ಪರದೆ ಹಾಕ್ಬೇಕು ಅಂತ ನೋಡ್ತಿದಾಳೆ."

ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವ ವಯಸ್ಸು ಆ ಮೇಜಿನ ಎಡಗಡೆಯ ಕುರ್ಚಿಯಲ್ಲೇ ಕಳೆದುಹೋಗಿತ್ತು. ಒಂದು ಸಮಸ್ಯೆ ಎದುರಿಗೆ ಬಂದರೆ ಅವನಿಗೆ ಗೊತ್ತಿದ್ದದ್ದು ವಿನ್ಯಾಸ ಮಾಡುವುದು. ಹೆಸರು ಹೇಳುವ ಮೊದಲೇ ಮುದುಕ ಕಣ್ಣು ಮುಚ್ಚಿದರೆ ಕಾರ್ಖಾನೆ ಇಬ್ಬರು ಹೆಣ್ಣುಮಕ್ಕಳಿಗೆ ಸಮಪಾಲು. ಆಮೇಲೆ ಅದನ್ನು ನಡೆಸಬಲ್ಲವರು ಯಾರು ಎಂಬ ಪ್ರಶ್ನೆಗೆ ಗಿರಾಕಿಗಳೇ ಉತ್ತರ ಕೊಡುತ್ತಾರೆ. ಷಡ್ಡಕ ಪರದೆಯ ಬಣ್ಣ ನೋಡಿಕೊಂಡಿರಲಿ.

ದಾರಿಯನ್ನು ಮಾವನೇ ಹಾಕಿಕೊಟ್ಟಿದ್ದ. ಕಾರ್ಖಾನೆ ಶುರುವಾದಾಗಿನಿಂದ ಅಲ್ಲೊಂದು ಪದ್ಧತಿ. ಹೊಸ ರೈಡಿನಲ್ಲಿ ಮೊದಲು ನೀರು ತುಂಬಿದ ಬೊಂಬೆಗಳು ಸುತ್ತುತ್ತವೆ. ಬೊಂಬೆಗಳ ನಂತರ ಮೊದಲ ಜೀವಂತ ಮನುಷ್ಯನಾಗಿ ಯಜಮಾನ ಕೂರಬೇಕು. "ಮೊದಲು ನನ್ನ ಅಂಡು, ಆಮೇಲೆ ಊರವರ ಮಕ್ಕಳು" ಎಂದು ಮಾವ ಗಿರಾಕಿಗಳ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಆ ಅಂಡು ಮಾಮೂಲಿ ಸೀಟಿನಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆಂದೇ ಅಗಲವಾದ ಒಂದು ಸೀಟು ಮಾಡಿಸಿ, ಪ್ರತಿ ಹೊಸ ಬಂಡಿಯ ಮುಂದಿನ ಸಾಲಿಗೆ ಅದನ್ನು ಜೋಡಿಸುವರು. ಸವಾರಿ ಮುಗಿದ ಮೇಲೆ ಬಿಚ್ಚಿ ಒಳಗಿಡುವರು. ಕೆಂಪು ಹೊದಿಕೆ ಅಲ್ಲಲ್ಲಿ ಸೀಳಿದ್ದರೂ ಅದು ಯಜಮಾನರ ಸೀಟು. ಅದರ ಮೇಲೆ ಯಾರಾದರೂ ಒಂದು ಸ್ಪ್ಯಾನರ್ ಇಟ್ಟರೂ ಫಿಟ್ಟರುಗಳ ಮೇಸ್ತ್ರಿ ಅವರ ಜನ್ಮ ಜಾಲಾಡಿಬಿಡುತ್ತಿದ್ದ. ಇಡೀ ಲೋಕದಲ್ಲಿ ಒಬ್ಬನೇ ಒಬ್ಬ ಕೂರುವ ಕುರ್ಚಿ. ಕೊಲೆಗಾರನೊಬ್ಬನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಲಾರರು.

ತೊಡೆಯ ಮೇಲೆ ಬಂದು ಕೂರುವ ಸರಳನ್ನು ಹಿಡಿದಿಡುವುದು ಸೀಟಿನ ಪಕ್ಕದ ಒಂದು ಬೀಗ. ಬೀಗವನ್ನು ಹಿಡಿದಿಡುವುದು ಕಿರುಬೆರಳಿನಷ್ಟು ಉದ್ದದ ಒಂದು ಪಿನ್ನು. ಅವನು ಅಂಥದೇ ಇನ್ನೊಂದು ಪಿನ್ನಿನ ನಡುವೆ ಕೂದಲೆಳೆಯಂಥ ಗೀರು ಕೊಯ್ದ. ಕೈಯಿಂದ ಜಗ್ಗಿ ನೋಡಿದರೆ ಅದು ಜಗ್ಗುವುದಿಲ್ಲ. ಆದರೆ ಮೂರನೆಯ ದಿಬ್ಬದ ನೆತ್ತಿಯಲ್ಲಿ ಬಂಡಿ ಕೆಳಗೆ ಬೀಳುತ್ತದೆ, ಮೈ ಮೇಲಕ್ಕೆ ಹಾರುತ್ತದೆ, ಒಂದು ಗಳಿಗೆ ಆ ಮೈಯ ಅಷ್ಟೂ ಭಾರ ಸರಳಿನ ಮೇಲೆ ಬರುತ್ತದೆ. ಜನ ಹಣ ಕೊಡುವುದೇ ಆ ಗಳಿಗೆಗೆ. ಎರಡನೆಯ ದಿಬ್ಬದಲ್ಲೂ ಕೆಲಸ ಆಗುತ್ತಿತ್ತು, ಆದರೆ ಅದರ ಕೆಳಗೆ ಈಗಷ್ಟೇ ಬಣ್ಣ ಹೊಡೆದ ನಿಲ್ದಾಣದ ಸೂರು ಇತ್ತು. ಮಾವ ಅದರ ಮೇಲೆ ಬಿದ್ದರೆ ಮತ್ತೆ ಬಣ್ಣ ಹೊಡೆಸಬೇಕು, ಮಾಲು ತಲುಪಿಸುವುದು ತಡವಾಗುತ್ತದೆ. ಹಾಗಾಗಿ ಗೀರನ್ನು ಮೂರನೆಯ ದಿಬ್ಬದ ಲೆಕ್ಕಕ್ಕೆ ಇಟ್ಟ. ಅಲ್ಲಿ ಕೆಳಗೆ ಬರೀ ಜಲ್ಲಿಕಲ್ಲು.

ತಪ್ಪು ಯಾರ ತಲೆಗೆ ಬರಬೇಕು ಎಂಬುದೂ ವಿನ್ಯಾಸದ ಭಾಗವೇ. ಅದಕ್ಕಾಗಿ ಎಲ್ಲರ ಎದುರಿಗೆ ಮಾವನ ತಲೆ ತಿನ್ನತೊಡಗಿದ. "ಮಾವ, ಆ ಸೀಟು ಹಳೇದಾಯ್ತು. ಬದಲಾಯಿಸೋಣ. ನಿಮ್ಮ ಜೀವದ ಪ್ರಶ್ನೆ."

"ನೋಡ್ರಪ್ಪಾ, ಬೋಲ್ಟು ಡಾಕ್ಟರು ನನ್ನ ಕುರ್ಚಿಯ ನಾಡಿ ಹಿಡೀತಿದಾರೆ" ಎಂದ ಮಾವ. ಷಡ್ಡಕ ಎಲ್ಲರಿಗಿಂತ ಮೊದಲು ನಕ್ಕ.

"ನಗೋ ವಿಷಯ ಅಲ್ಲ ಇದು."

"ಅಲ್ವೋ, ನಾನು ಬಿದ್ರೆ ನಿಂಗೇನು ನಷ್ಟ? ಆ ಜಾಗದಲ್ಲಿ ಒಂದು ಬಾವಿ ತೋಡೋ ಖರ್ಚು ಉಳಿಯತ್ತೆ."

ಮತ್ತೆ ನಗು. ನಕ್ಕವರೆಲ್ಲ ನಾಳೆ ಸಾಕ್ಷಿಗಳು. ಅಳಿಯ ಬೇಡಬೇಡವೆಂದು ಬಡಕೊಂಡ, ಮುದುಕ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ಹಳೆಯ ಲೋಹ ದಣಿದು ಮುರಿಯಿತು ಎಂದು ಅವರೇ ಹೇಳುತ್ತಾರೆ. ಅವನು ಆ ಮಾತನ್ನು ಊಟದ ಮೇಜಿನಲ್ಲಿ ಎತ್ತಿದ, ಅಂಗಳದಲ್ಲಿ ಎತ್ತಿದ, ಒಮ್ಮೆ ಗಿರಾಕಿಯ ಎದುರಿಗೇ ಎತ್ತಿ ಬೈಸಿಕೊಂಡ. ಬೈಸಿಕೊಂಡದ್ದು ಅವನಿಗೆ ಬಹಳ ಹಿಡಿಸಿತು. ಆ ದಿನ ಮಾವ ಬೈದು ಮುಗಿಸಿ, ಯಾಕೋ ಅವನ ಮುಖವನ್ನೇ ನೋಡಿದ್ದ.

ಬೊಂಬೆಗಳ ಪರೀಕ್ಷೆ ಮುಗಿದ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವನು ಪಿನ್ನು ಬದಲಾಯಿಸಿದ. ಬಿಸಿಲಿಗೆ ಹಳಿ ಟಿಕ್ ಟಿಕ್ ಎನ್ನುತ್ತಿತ್ತು. ಕೈ ತೊಳೆದುಕೊಂಡು ಹೋಗಿ ಮಾವನ ಎದುರಿಗೆ ಕೂತು ಊಟ ಮಾಡಿದ. ಮುದುಕ ಎರಡು ಸಲ ಬಡಿಸಿಕೊಂಡ. ತಿನ್ನಲಿ, ಭಾರ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡ ಅಳಿಯ, ಪಾತ್ರೆಯನ್ನು ಮಾವನ ಕಡೆಗೆ ಸರಿಸಿದ.

ಮರುದಿನ ಬೆಳಗ್ಗೆ ಅಂಗಳದಲ್ಲಿ ಗಿರಾಕಿಗಳು, ಕೆಲಸಗಾರರು, ಹೆಂಡತಿ, ನಾದಿನಿ, ಹೊಸ ಕೋಟು ತೊಟ್ಟ ಷಡ್ಡಕ, ಎಲ್ಲರೂ ಸೇರಿದ್ದರು. ಮಾವ ಮೈಕು ಹಿಡಿದು ಮೆಟ್ಟಿಲ ಮೇಲೆ ನಿಂತ.

"ಇಷ್ಟು ವರ್ಷ ನಾನು ಏನು ಹೇಳಿದ್ರೂ ಎಲ್ರೂ ನಕ್ಕಿದೀರಿ. ನನ್ನ ಜೋಕು ಅಷ್ಟೇನೂ ಚೆನ್ನಾಗಿಲ್ಲ ಅಂತ ನಂಗೂ ಗೊತ್ತು. ಒಬ್ಬ ಮಾತ್ರ ನಗ್ಲಿಲ್ಲ. ಮಾವ, ಆ ಸೀಟಲ್ಲಿ ಕೂರ್ಬೇಡಿ, ಕೂರ್ಬೇಡಿ ಅಂತ ಜೀವ ತಿಂದ. ಬೈದೆ. ಬೈಸ್ಕೊಂಡೂ ಮತ್ತೆ ಬಂದು ಅದನ್ನೇ ಹೇಳ್ದ. ನನ್ನ ಸ್ವಂತ ಮಕ್ಕಳೂ ಹಾಗೆ ಹೇಳಿರ್ಲಿಲ್ಲ." ಮುದುಕ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಇವತ್ತಿಂದ ಕಾರ್ಖಾನೆ ದೊಡ್ಡ ಅಳಿಯಂದು. ಯಜಮಾನ ಅವನು. ಮೊದಲ ಸವಾರಿನೂ ಅವನದೇ."

ಚಪ್ಪಾಳೆ ಬಿತ್ತು. ಷಡ್ಡಕನ ನಗು ಮೊದಲ ಬಾರಿಗೆ ತಡವಾಗಿ ಬಂತು. ದೊಡ್ಡ ಅಳಿಯ ಒಂದು ನೆಪ ಹುಡುಕಿದ. ಹೊಟ್ಟೆನೋವು ಎನ್ನಲೇ, ತಲೆಸುತ್ತು ಎನ್ನಲೇ ಎಂದುಕೊಳ್ಳುತ್ತಾ ಬಂಡಿಯ ಮುಂದಿನ ಸಾಲಿನತ್ತ ನೋಡಿದ. ಕೆಂಪು ಸೀಟು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಅವನ ಅಳತೆಗೆ ತಕ್ಕ ಹೊಚ್ಚ ಹೊಸ ಕಪ್ಪು ಸೀಟು.

"ನೀನು ಹೇಳಿದ್ದೇ ಸರಿ ಅಂತ ನಿನ್ನೆ ಸಂಜೆ ಕಿತ್ತು ಹಾಕ್ಸಿದೆ" ಎಂದ ಮಾವ, ಅವನ ಬೆನ್ನು ತಟ್ಟುತ್ತಾ.

ಹಳೆಯ ಸೀಟು ಮೆಟ್ಟಿಲ ಕೆಳಗೆ ಬಿದ್ದಿತ್ತು. ಅವನಿಗೆ ನಗು ಉಕ್ಕಿ ಬಂತು. ಜನ ಅದನ್ನು ಸಂತೋಷವೆಂದುಕೊಂಡರು, ಸಂತೋಷವೂ ಹೌದು. ಬಯಸಿದ್ದೆಲ್ಲ ಕೈಗೆ ಬಂದಿತ್ತು, ಕೈಗೆ ಒಂದು ಹನಿ ರಕ್ತ ಅಂಟಿರಲಿಲ್ಲ. ಮುದುಕನ ಮೇಲೆ ಸ್ವಲ್ಪ ಪ್ರೀತಿ ಕೂಡ ಹುಟ್ಟಿದಂತಾಯಿತು. ಬದುಕಿಕೊಳ್ಳಲಿ ಪಾಪ, ಇನ್ನೆಷ್ಟು ದಿನ. ಸಂಜೆ ಆ ಹಳೆಯ ಸೀಟನ್ನು ಕರಗಿಸಲು ಕಳಿಸಬೇಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಯಜಮಾನನ ನಡಿಗೆಯಲ್ಲಿ ನಡೆದುಹೋಗಿ ಹೊಸ ಸೀಟಿನಲ್ಲಿ ಕೂತ. ಹೆಂಡತಿಗೆ ಕೈ ಬೀಸಿದ. ಮೇಸ್ತ್ರಿ ಸರಳನ್ನು ತೊಡೆಯ ಮೇಲೆ ಒತ್ತಿದ. ಬೀಗ ಕಟಕ್ಕೆಂದಿತು.

ಬಂಡಿ ಹೊರಟಿತು. ಮೇಸ್ತ್ರಿ ನಾಲ್ಕು ಹೆಜ್ಜೆ ಜೊತೆಯಲ್ಲೇ ನಡೆಯುತ್ತಾ, ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವನಂತೆ ಹೇಳಿದ: "ಸೀಟು ಹೊಸದು ಅಂತ ಹೆದರಬೇಡಿ ಸರ್. ಬೀಗ ಮಾತ್ರ, ಪಿನ್ನಿನ ಸಮೇತ, ದೊಡ್ಡ ಯಜಮಾನರ ಸೀಟಿಂದೇ. ಇಷ್ಟು ವರ್ಷ ಅವರನ್ನ ಬೀಳಿಸದೇ ಇದ್ದದ್ದು, ಇನ್ಮೇಲೆ ನಿಮ್ಮನ್ನೂ ಕಾಯ್ಲಿ ಅಂತ ನಾವು ಹುಡುಗ್ರೆಲ್ಲ ಸೇರಿ ಬಿಚ್ಚಿ ಇದಕ್ಕೆ ಕೂರಿಸಿದ್ವಿ. ಯಾವ ಸೀಟಿಗಾದ್ರೂ ಕೂರೋ ಹಾಗೆ ನೀವೇ ಅಲ್ವಾ ಅದನ್ನ ಮಾಡಿದ್ದು." ಅಳಿಯ ಸರಳನ್ನು ಎರಡೂ ಕೈಯಿಂದ ಮೇಲಕ್ಕೆತ್ತಲು ನೋಡಿದ, ಅದು ಅಲುಗಲಿಲ್ಲ. ಕೂತವರು ಒಳಗಿನಿಂದ ತೆರೆಯಲಾಗದಂತೆ ಮಾಡಿದವನೂ ಅವನೇ. ಸರಪಳಿ ಬಂಡಿಯನ್ನು ಕಚ್ಚಿ ಮೇಲಕ್ಕೆಳೆಯತೊಡಗಿದಾಗ ಅವನು ಕಿರುಚಿದ, ನಿಲ್ಲಿಸಿ ಎಂದ, ಮಾವನನ್ನು ಕರೆದ, ಪಿನ್ನು ಬದಲಾಯಿಸಿದ್ದು ನಾನೇ ಎಂದ. ಸರಪಳಿಯ ಸದ್ದಿನಲ್ಲಿ ಮಾತು ಸವೆದು ಕೂಗೊಂದೇ ಅಂಗಳಕ್ಕೆ ಇಳಿಯಿತು. ಆ ಅಂಗಳದಲ್ಲಿ ಕೂಗು ಕೇಳಿ ಯಾರೂ ಓಡಿ ಬರುವುದಿಲ್ಲ. ಮಾವ ಗಿರಾಕಿಯ ಕಡೆ ತಿರುಗಿ, ಕೈಕಟ್ಟಿಕೊಂಡು, ತೃಪ್ತಿಯಿಂದ ಹೇಳಿದ: "ನೋಡಿ ಮತ್ತೆ. ಇನ್ನೂ ಒಂದು ದಿಬ್ಬಾನೂ ಬಂದಿಲ್ಲ."