ಬಸವನಹುಳದ ಹಲ್ಲು

ಬೆರಗುಮಾಪಕದ ಮುಳ್ಳು ಅಂದೂ ಸೊನ್ನೆ ಬಿಟ್ಟು ಕದಲಿರಲಿಲ್ಲ.

ಗದಗಿನ ಜೀವಾಲಯದ ಪ್ರತಿ ಕೋಣೆಗೂ ಈ ಯಂತ್ರವಿತ್ತು. ನೋಡುವವರ ಕಣ್ಣಪಾಪೆ ಎಷ್ಟು ಹಿಗ್ಗಿತು, ಉಸಿರು ಎಷ್ಟು ಹೊತ್ತು ನಿಂತಿತು ಎಂದು ಅಳೆದು ಅದು 'ಹಾ' ಎಂಬ ಏಕಮಾನದಲ್ಲಿ ತೋರಿಸುತ್ತಿತ್ತು. ಆರು ತಿಂಗಳಲ್ಲಿ ಒಂದು ಹಾ ಕೂಡ ಕಾಣದ ಕೋಣೆಯನ್ನು ಮುಚ್ಚಿ, ಒಳಗಿನ ಜೀವಿಗಳನ್ನು ಪಕ್ಕದ ಕೋಣೆಯ 'ಉಪಯೋಗಕ್ಕೆ' ಕೊಡಬೇಕೆಂದು ನಿಯಮ. ಬಸವನಹುಳಗಳ ಪಕ್ಕದ ಕೋಣೆಯಲ್ಲಿದ್ದವು ಬಾತುಕೋಳಿಗಳು.

ಜನರಾದರೂ ಹೇಗೆ ಬೆರಗಾದಾರು? ಎಲ್ಲರ ಮೂಗಿನ ಮೇಲೂ ಅರಿವುಗನ್ನಡಕ. 'ಬಸವನಹುಳ. ಮೃದ್ವಂಗಿ. ಸಸ್ಯಾಹಾರಿ' ಎಂದು ಅದು ಕಿವಿಯಲ್ಲಿ ಉಸುರಿದೊಡನೆ, ತಿಳಿಯಿತೆಂದುಕೊಂಡು ಮುಂದೆ ಹೋಗುತ್ತಿದ್ದರು.

ಹದಿನಾರು ವರ್ಷ ಆ ಹುಳಗಳಿಗೆ ಸೌತೆಕಾಯಿ ಹೆಚ್ಚಿ ಹಾಕಿದ್ದ ಗುರುಬಾಯಿ ಅವನ್ನು ಬಾತುಕೋಳಿಗಳ ಬಾಯಿಗೆ ಬಿಡಲು ಸಿದ್ಧಳಿರಲಿಲ್ಲ. ಗಡುವಿನ ಕೊನೆಯ ದಿನ ಆಕೆ ದೊಡ್ಡ ಕಾಗದದ ಮೇಲೆ ಬಾಯಿತುಂಬ ಹಲ್ಲು ಕಿಸಿದ ಬಸವನಹುಳದ ಚಿತ್ರ ಬರೆದು, ಕೆಳಗೆ ಎರಡು ಸಾಲು ಪದ ಕಟ್ಟಿ ತೂಗುಹಾಕಿದಳು:

ಬಸವನಹುಳದ ಬಾಯಾಗ ಹಲ್ಲೆಷ್ಟ ತಂಗಿ?
ಎಣಿಸಾಕ ಕುಂತಾಕಿ ಮುದುಕ್ಯಾಗಿ ಹ್ವಾದ್ಲ.

ಒಬ್ಬ ಹೆಂಗಸು ಕನ್ನಡಕ ತೆಗೆದು, ನಕ್ಕು, ಹುಳದ ಕಡೆ ಬಗ್ಗಿದಳು. ಮುಳ್ಳು ಅರ್ಧ ಹಾ ತನಕ ನಡುಗಿತು. ಅಷ್ಟರಲ್ಲಿ ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಡಾ. ಹಂಚಿನಾಳರೇ ಮುಚ್ಚುವ ಆದೇಶ ಹಿಡಿದು ಬಂದರು.

"ಗುರುಬಾಯಿ ಅವ್ರ, ಹುಳಕ್ಕ ಎಲ್ಲಿ ಹಲ್ಲು? ಕನ್ನಡಕ ಹಂಗ ಹೇಳೂದಿಲ್ಲಲ್ಲ."

"ಅದನ್ನ ಯಾರೂ ಕೇಳೇ ಇಲ್ರಿ ಸಾಹೇಬ್ರ. ನಾ ದಿನಾ ಸೌತಿಕಾಯಿ ಹಾಕಾಕಿ. ಕರಕರ ಅಂತೈತ್ರಿ."

"ಸುಳ್ಳ ಚಿತ್ರಕ್ಕ ಬಂದ ಹಾ ಲೆಕ್ಕಕ್ಕ ಬರೂದಿಲ್ಲ," ಎಂದು ಅವರು ಚಿತ್ರ ಇಳಿಸಿದರು. ಆದೇಶವನ್ನು ಹುಳಗಳ ತೊಟ್ಟಿಯ ಅಂಚಿಗೆ ಸಿಕ್ಕಿಸಿ, ಮುಳ್ಳಿನ ಅಂಕಿ ಬರೆದುಕೊಳ್ಳಲು ತಿರುಗಿದರು.

ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಒಂದು ಹುಳ ಆದೇಶದ ಮೇಲೆ ಏರಿ ಅವರ ಸಹಿಯನ್ನು ಮೇಯುತ್ತಿತ್ತು. ಕಾಗದ ಸಣ್ಣಗೆ ಕೆರೆದಂತಾಗಿತ್ತು. ಹಲ್ಲಿಲ್ಲದ ಬಾಯಿಗೆ ಇದು ಸಾಧ್ಯವೇ? ಡಾ. ಹಂಚಿನಾಳರು ಕನ್ನಡಕ ತೆಗೆದರು. ಜೇಬಿನ ಭೂತಗಾಜು ಹಿಡಿದು ನೆಲದ ಮೇಲೆ ಬೋರಲು ಮಲಗಿ, ತಲೆ ಎತ್ತಿ ಹುಳದ ಬಾಯನ್ನು ಕೆಳಗಿನಿಂದ ನೋಡಿದರು. ಒಳಗಿತ್ತು ತುರಿಮಣೆಯಂಥ ನಾಲಿಗೆ. ಅದರ ತುಂಬ ಸಾಲು ಸಾಲು ಹಲ್ಲು.

ಮುಳ್ಳು ನೂರು ಹಾ ದಾಟಿ ಮುರಿದು ಬಿತ್ತು. ಮುಳ್ಳಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಕೋಣೆ ಮುಚ್ಚುವಂತಿಲ್ಲ. ಆದೇಶದ ಮೇಲಿನ ಸಹಿಯಂತೂ ಆಗಲೇ ಹುಳದ ಹೊಟ್ಟೆ ಸೇರಿತ್ತು. ಗುರುಬಾಯಿ ಚಿತ್ರವನ್ನು ಮತ್ತೆ ತೂಗುಹಾಕಿದಳು.

"ಸಾಹೇಬ್ರ, ಐದ ಹೊಡೀತು. ಮನೀಗೆ ಹೋಗೂದಿಲ್ಲೇನ್ರಿ?"

"ಸುಮ್ನಿರ್ರಿ ಅಕ್ಕಾರ, ಎಣಿಕಿ ತಪ್ಪತೈತಿ. ಆರನೂರಾ ಹನ್ನೊಂದ ಆದ್ವು. ಇನ್ನೂ ಎಡಗಡೀವು ಮುಗದಿಲ್ಲ."