ಮೊಳೆಗೆ ನೇತುಬಿದ್ದ ನಂಬರ್ ಪ್ಲೇಟು

ಡ್ರಿಲ್ ಮುಗಿಯಿತು, ಬಾಗಿಲು ತೆರೆಯಬಹುದು ಎಂದು ಮೈಕಿನಲ್ಲಿ ಹೇಳಿ ಒಂದು ನಿಮಿಷವೂ ಆಗಿರಲಿಲ್ಲ, ಕಾರಿಡಾರಿನಿಂದ ಯಾರೋ ಕಿಟಾರನೆ ಕಿರುಚಿದರು. ನರ್ಸ್ ಕೊರಿನ್ ಹ್ಯಾಸ್ಲೆಟ್ ಓಡಿದಳು. ಹತ್ತನೇ ತರಗತಿಯ ಟೆಸ್ಸಾ ಲಾಕರುಗಳಿಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಮುಷ್ಟಿಯಲ್ಲಿ ಖಾಲಿ ಇನ್‌ಹೇಲರ್ ಇತ್ತು. ಆಂಬ್ಯುಲೆನ್ಸ್ ಬರುವ ತನಕ ಕೊರಿನ್ ಆ ಪುಟ್ಟ ಎದೆಯನ್ನು ಒತ್ತುತ್ತಲೇ ಇದ್ದಳು. ಜೀವ ಆಗಲೇ ಹೋಗಿತ್ತು.

ಬಂದೂಕು ಹಿಡಿದವನು ಒಳಗೆ ನುಗ್ಗಿದ್ದಾನೆ ಎಂದು ಭಾವಿಸಿ ನಡೆಸುವ ಡ್ರಿಲ್ ಅದು. ಹಾರ್ಲನ್ ರಿಡ್ಜ್ ಹೈಸ್ಕೂಲಿನಲ್ಲಿ ವರ್ಷಕ್ಕೆ ನಾಲ್ಕು ಸಲ ನಡೆಯುತ್ತಿತ್ತು. ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ ಮಕ್ಕಳು ಮೂಲೆಯಲ್ಲಿ ಮುದುರಿ ಕೂರಬೇಕು. ಎಲ್ಲರೂ ಕ್ಷೇಮವಾಗಿದ್ದರೆ ಮೇಷ್ಟ್ರು ಹಸಿರು ಕಾರ್ಡನ್ನು ಬಾಗಿಲಡಿಯಿಂದ ಹೊರಗೆ ತಳ್ಳಬೇಕು. ಯಾರು ಬಡಿದರೂ ತೆರೆಯಕೂಡದು. ಶಾಲೆಯ ಪೊಲೀಸ್ ಆಫೀಸರ್ ಡ್ಯೂಗನ್ ತಾನೇ ಬಾಗಿಲು ಬಡಿದು, ಹಿಡಿಕೆ ಅಲ್ಲಾಡಿಸಿ ಪರೀಕ್ಷಿಸುತ್ತಿದ್ದ. ಮೋಸಹೋಗಿ ತೆರೆದವರ ಕೋಣೆಯ ಹೆಸರಿನ ಮುಂದೆ ತನ್ನ ಪಟ್ಟಿಯಲ್ಲಿ ‘ಎಲ್ಲರೂ ಸತ್ತರು’ ಎಂದು ಬರೆದುಕೊಳ್ಳುತ್ತಿದ್ದ.

ಸಂಜೆಯೊಳಗೆ ತಪ್ಪೆಲ್ಲ ಕೊರಿನ್ ತಲೆಗೆ ಬಂತು. ಹುಡುಗಿ ಇನ್ನೊಂದು ಇನ್‌ಹೇಲರಿಗಾಗಿ ನರ್ಸ್ ಕೋಣೆಗೆ ಬಂದು ಬಡಿದಿರಬೇಕು, ಇವಳು ತೆರೆದಿಲ್ಲ ಎಂದು ಎಲ್ಲರೂ ಆಡಿಕೊಂಡರು. ಮರುದಿನ ಪ್ರಿನ್ಸಿಪಾಲ್ ಬ್ರಾಂಟ್ಲಿ ಅವಳನ್ನು ಕರೆದು, ಶುಕ್ರವಾರದಿಂದ ಬರಬೇಡಿ ಎಂದ.

ಕೊರಿನ್ ನೇರವಾಗಿ ವರ್ನಾ ಸ್ಟೋಲ್ಜ್ ಬಳಿ ಹೋದಳು. ವರ್ನಾ ಮೂವತ್ತೊಂದು ವರ್ಷದಿಂದ ಅಲ್ಲಿ ಹಾಜರಿ ನೋಡಿಕೊಳ್ಳುವವಳು. ಅಮ್ಮನ ಸಹಿ ತಾವೇ ಹಾಕಿ ತಂದವರು, ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಕೇಳಿದವರು, ಹೀಗೆ ಎಷ್ಟೋ ಮಕ್ಕಳು ಬಂದಿದ್ದರು; ಅವಳ ಮೇಜಿನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಒಬ್ಬರೂ ಇರಲಿಲ್ಲ.

"ಕೆಲಸ ಹೋದ್ರೆ ಹೋಗ್ಲಿ ವರ್ನಾ. ನಾನು ಒಳಗಿನ ರೂಮಲ್ಲಿದ್ದೆ. ಅವಳು ಬಡಿದ್ಲಾ? ನಂಗೇ ಕೇಳಿಸ್ಲಿಲ್ವಾ? ಅದೊಂದು ಗೊತ್ತಾಗ್ಬೇಕು."

"ಅಳೋದು ಆಮೇಲೆ ಇಟ್ಕೋ. ಅವಳ ಹತ್ರ ಏನೇನಿತ್ತು, ಹೇಳು."

"ಫೋನು, ಲಿಪ್ ಬಾಮು, ಇನ್‌ಹೇಲರ್. ಅಷ್ಟೇ."

"ಪಾಸು?"

ಕೊರಿನ್ ಇಲ್ಲವೆಂದು ತಲೆಯಾಡಿಸಿದಳು. ಪಾಠದ ಹೊತ್ತಿನಲ್ಲಿ ಮೇಷ್ಟ್ರು ಅನುಮತಿಯ ಗುರುತಾಗಿ ಕೊಡುವ ಪಾಸಿಲ್ಲದೆ ಯಾವ ಮಗುವೂ ಕಾರಿಡಾರಿಗೆ ಬರುವಂತಿರಲಿಲ್ಲ. ಕಳೆದುಹೋಗದಿರಲಿ ಎಂದು ಒಬ್ಬೊಬ್ಬ ಮೇಷ್ಟ್ರೂ ಒಂದೊಂದು ವಿಚಿತ್ರ ವಸ್ತುವನ್ನು ಪಾಸು ಮಾಡಿದ್ದರು. ಚರಿತ್ರೆಯ ಮೇಷ್ಟ್ರು ಪ್ರುಯಿಟ್ ಅವರದ್ದು ತಮ್ಮ ತಾತನ ಟ್ರಕ್ಕಿನ ನಂಬರ್ ಪ್ಲೇಟು.

ಡ್ರಿಲ್ ಹೊತ್ತಿಗೆ ಟೆಸ್ಸಾಗೆ ಇದ್ದದ್ದು ಅವರದೇ ಪಾಠ. ಇಬ್ಬರೂ ಪ್ರುಯಿಟ್ ಕೋಣೆಗೆ ಹೋದರು. ಮೇಷ್ಟ್ರ ಮುಖ ಒಂದೇ ದಿನಕ್ಕೆ ಬಾಡಿಹೋಗಿತ್ತು. "ಉಸಿರು ಕಟ್ತಿದೆ ಅಂದ್ಲು, ನರ್ಸ್ ಹತ್ರ ಹೋಗು ಅಂತ ಪಾಸು ಕೊಟ್ಟು ಕಳಿಸ್ದೆ. ಅಷ್ಟರಲ್ಲೇ ಮೈಕಲ್ಲಿ ಕೂಗಿದ್ರು, ಬೀಗ ಹಾಕ್ದೆ. ಮತ್ತೆ ಅವಳನ್ನ ನೋಡ್ಲಿಲ್ಲ."

ವರ್ನಾ ಅವರ ಮುಖ ನೋಡುತ್ತಿರಲಿಲ್ಲ, ಬೋರ್ಡಿನ ಪಕ್ಕದ ಗೋಡೆ ನೋಡುತ್ತಿದ್ದಳು. ಅಲ್ಲಿ ಮೊಳೆಗೆ ನಂಬರ್ ಪ್ಲೇಟು ನೇತುಬಿದ್ದಿತ್ತು.

ಹೊರಗೆ ಬಂದು ಅದೇ ತರಗತಿಯ ಮರಿಸೋಲ್‌ಳನ್ನು ನಿಲ್ಲಿಸಿದಳು. "ಡ್ರಿಲ್ ಹೊತ್ತಲ್ಲಿ ಯಾರಾದ್ರೂ ಬಾಗಿಲು ಬಡಿದ್ರಾ?"

"ಹ್ಞೂಂ, ಆಫೀಸರ್ ಡ್ಯೂಗನ್. ಹಿಡಿಕೆ ತುಂಬಾ ಹೊತ್ತು ಅಲ್ಲಾಡಿಸಿದ್ರು. ಆಮೇಲೆ ಬಾಗಿಲ ಹತ್ರ ಠಣ್ ಅಂತ ಸದ್ದಾಯ್ತು. ಅದು ಅವರ ಬೀಗದ ಕೈ ಗೊಂಚಲು, ಅಲ್ಲಾಡ್ಬೇಡಿ ಅಂದ್ರು ಮೇಷ್ಟ್ರು."

ಡ್ಯೂಗನ್ ತನ್ನ ಪಟ್ಟಿ ತೋರಿಸಿದ. "ಜಿಮ್ ಕಡೆಯಿಂದ ಶುರು ಮಾಡ್ದೆ, ಪ್ರುಯಿಟ್ ಇರೋ ಕಾರಿಡಾರಿಗೆ ಬರೋಷ್ಟರಲ್ಲಿ ಟೈಮ್ ಆಗೋಯ್ತು." ಪಟ್ಟಿಯಲ್ಲಿ ಆ ಕಾರಿಡಾರಿನ ಕೋಣೆಗಳ ಹೆಸರಿನ ಮುಂದೆಲ್ಲ ಖಾಲಿ ಇತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ವರ್ನಾ ಎಲ್ಲರನ್ನೂ ಪ್ರುಯಿಟ್ ಕೋಣೆಯಲ್ಲಿ ಸೇರಿಸಿದಳು. ಬ್ರಾಂಟ್ಲಿ, ಡ್ಯೂಗನ್, ಪ್ರುಯಿಟ್, ಕೊರಿನ್. ಮೊಳೆಯಿಂದ ಪ್ಲೇಟು ತೆಗೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಮೂರು ಸಲ ಬಡಿದಳು. ಹಿಡಿಕೆ ಅಲ್ಲಾಡಿತು. ಆಮೇಲೆ ಬಾಗಿಲಡಿಯಿಂದ ಪ್ಲೇಟು ಠಣ್ಣೆಂದು ಒಳಗೆ ಜಾರಿ ಬಂತು. ಪ್ರುಯಿಟ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ವರ್ನಾ ಒಳಗೆ ಬಂದಳು. "ಟೆಸ್ಸಾ ಪಾಸು ಹಿಡ್ಕೊಂಡು ಹೋಗಿದ್ದನ್ನ ಮೇಷ್ಟ್ರೇ ಹೇಳಿದ್ರು. ಹೆಣದ ಹತ್ರ ಪಾಸಿರಲಿಲ್ಲ, ಗೋಡೆ ಮೇಲಿತ್ತು. ಅಂದ್ರೆ ಅವಳು ವಾಪಸ್ ಬಂದಿದ್ಲು. ಡ್ಯೂಗನ್ ಈ ಕಡೆ ಬರಲೇ ಇಲ್ಲ, ಹಾಗಾದ್ರೆ ಹಿಡಿಕೆ ಅಲ್ಲಾಡಿಸಿದ್ದು ಯಾರು? ನರ್ಸ್ ರೂಮು ದೂರ, ತನ್ನ ಕ್ಲಾಸು ಹತ್ರ. ಉಸಿರಿಲ್ಲ, ಕೂಗೋಕಾಗಲ್ಲ. ನಾನೇ ಅಂತ ತಿಳೀಲಿ ಅಂತ ಪಾಸು ತಳ್ಳಿದ್ಲು. ಅದನ್ನ ನೋಡಿದ ಮೇಲೂ ಬಾಗಿಲು ತೆಗೀಲಿಲ್ಲ ಇವರು. ಎತ್ಕೊಂಡು, ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಮೊಳೆಗೆ ಹಾಕಿದ್ರು. ಅವಳು ನರ್ಸ್ ರೂಮಿನ ಕಡೆ ಹೊರಟು ಅರ್ಧದಾರಿಲಿ ಕೂತ್ಲು. ಕೊರಿನ್, ನಿನ್ನ ಬಾಗಿಲಿಗೆ ಬರಲೇ ಇಲ್ಲ ಆ ಮಗು."

ಪ್ರುಯಿಟ್ ಮಕ್ಕಳು ಕೂರುವ ಕುರ್ಚಿಯಲ್ಲಿ ಕುಸಿದರು. "ಹೋದ ಸಲ ತೆಗ್ದಿದ್ದೆ," ಎಂದರು. "ಹೊರಗೆ ಅಳೋ ಸದ್ದು ಕೇಳಿಸ್ತು ಅಂತ. ಡ್ಯೂಗನ್ ನಿಂತಿದ್ದ. ಇಪ್ಪತ್ನಾಲ್ಕು ಮಕ್ಕಳನ್ನ ಕೊಂದೆ ನೀನು ಅಂದ, ಎಲ್ಲಾ ಮೇಷ್ಟ್ರ ಮುಂದೆ. ಇನ್ನೊಂದ್ಸಲ ತೆಗೆದ್ರೆ ಕೆಲಸ ಇಲ್ಲ ಅಂತ ನೀವು ಕಾಗದ ಕೊಟ್ರಿ, ಬ್ರಾಂಟ್ಲಿ. ಪ್ಲೇಟು ನೋಡ್ದೆ. ಇದೂ ಪರೀಕ್ಷೆನೇ ಅನ್ಕೊಂಡೆ. ನಿಜ ಹೇಳ್ಬೇಕಂದ್ರೆ, ಅನ್ಕೊಳ್ಳೋಕೆ ಪ್ರಯತ್ನ ಪಟ್ಟೆ."

ಕೊರಿನ್‌ಗೆ ತನ್ನ ತಪ್ಪಿಲ್ಲವೆಂದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಬಗ್ಗಿ ನೆಲದ ಮೇಲಿದ್ದ ಪ್ಲೇಟನ್ನು ಎತ್ತಿಕೊಂಡಳು.

ಪ್ರುಯಿಟ್ ಶಾಲೆ ಬಿಟ್ಟರು, ಅವರ ಮೇಲೆ ಕೇಸೂ ಆಯಿತು. ಕೊರಿನ್ ಕೆಲಸ ಉಳಿಯಿತು. ನಿಯಮ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. ಏಪ್ರಿಲಿನಲ್ಲಿ ಮತ್ತೆ ಡ್ರಿಲ್ ಬಂತು. ಕೊರಿನ್ ಈ ಸಲ ನರ್ಸ್ ಕೋಣೆಯ ಹೊರಬಾಗಿಲ ಹತ್ತಿರವೇ ಕೂತಿದ್ದಳು, ಹಿಂದೆ ಜ್ವರ ಬಂದ ಇಬ್ಬರು ಮಕ್ಕಳು. ಯಾರೋ ಬಡಿದರು. ಅವಳು ಎದ್ದು ಬಾಗಿಲು ತೆರೆದಳು.

ಡ್ಯೂಗನ್ ಪಟ್ಟಿ ಹಿಡಿದು ನಿಂತಿದ್ದ. ಅವಳ ಕಣ್ಣು ನೋಡಲಾರದೆ ತಲೆ ತಗ್ಗಿಸಿದ. "ನೀವು ಸತ್ರಿ ಹ್ಯಾಸ್ಲೆಟ್. ಆ ಇಬ್ರೂ ಸತ್ರು."

"ಬರ್ಕೊಳ್ಳಿ," ಎಂದಳು ಕೊರಿನ್. "ಪ್ರತಿ ಸಲವೂ ಬರ್ಕೊಳ್ಳಿ."