ಒಂಟಿ ಎತ್ತಿನ ನೊಗ

"ಸಾಹೇಬ್ರ, ಅದನ್ನ ಮುಟ್ಟಬ್ಯಾಡ್ರಿ. ಒಂಟಿ ಎತ್ತು ಅದು. ಜೋಡಿ ಕೇಳ್ತೈತಿ."

ಯಲಬುರ್ಗಾದಾಚೆಯ ಗರಸುಕಲ್ಲಿನ ಕ್ವಾರಿಯ ಕಾವಲುಗಾರ ಹೊನ್ನೂರಪ್ಪ ಹೀಗೆಂದಾಗ ಸೂಪರ್‌ವೈಸರ್ ಸುಭಾಷ್ ಹೊಟ್ಟೆ ಹಿಡಿದುಕೊಂಡು ನಕ್ಕ. ದಾವಣಗೆರೆಯಿಂದ ಬಂದವನಿಗೆ ಈ ಊರಿನವರ ಭಯವೆಲ್ಲ ಪುಕ್ಕಟೆ ತಮಾಷೆ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲೂ ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸುವ ದಿನ. ಕ್ವಾರಿಯ ಅಂಚಿನಲ್ಲಿ ಮಾತ್ರ ಒಂದೇ ಎತ್ತು ನಿಂತಿತ್ತು. ಕುಸುಬಿ ಕಾಳಿನ ಕಣ್ಣು, ಮೈತುಂಬ ಕುಂಕುಮ, ಹೆಗಲ ಮೇಲೆ ಕಡ್ಡಿಯ ನೊಗ. ನೊಗದ ಇನ್ನೊಂದು ತುದಿ ಖಾಲಿ.

"ಶಿವಲಿಂಗಮ್ಮ ಇಟ್ಟಾಳ್ರಿ. ನೀವು ತುಳಿದ ಹೆಜ್ಜಿ ಮಣ್ಣು ಕೆರಕೊಂಡು ಹೋಗಿ ಇದರಾಗ ಕಲಸ್ಯಾಳ."

ಕ್ವಾರಿಯಾಗುವ ಮೊದಲು ಅದು ಶಿವಲಿಂಗಮ್ಮನ ಹೊಲ. ಮೇಲಿನ ಕರಿಮಣ್ಣನ್ನು ಬೇರೆ ರಾಶಿ ಹಾಕಿ, ಕೊಚ್ಚಿಹೋಗದಂತೆ ಹುಲ್ಲು ಬೆಳೆಸಿ, ಅಡಿಯ ಗರಸು ತೆಗೆದ ಮೇಲೆ ಮತ್ತೆ ಹರಡಿಕೊಡುವುದಾಗಿ ಮಾತಾಗಿತ್ತು. "ನಿನ್ನ ಮಣ್ಣಿಗೆ ನಾನು ಜವಾಬ್ದಾರಿ" ಎಂದಿದ್ದವನು ಇದೇ ಸುಭಾಷ್. ಆಮೇಲೆ ಆ ರಾಶಿಯನ್ನು ಟಿಪ್ಪರ್ ತುಂಬಿಸಿ ಇಟ್ಟಿಗೆ ಭಟ್ಟಿಗೆ ಸಾಗಿಸಿದವನೂ ಇವನೇ. ಮುದುಕಿ ಬಂದು ಕೇಳಿದಾಗ "ಮಳೆಗೆ ಕೊಚ್ಚಿಹೋಯ್ತಮ್ಮ" ಎಂದುಬಿಟ್ಟ. ಆ ವರ್ಷ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಮರುದಿನ ಅಧಿಕಾರಿಗಳು ಕ್ವಾರಿ ಗುಂಡಿಗೆ ನೀರು ನುಗ್ಗದಂತೆ ಕಟ್ಟಿದ್ದ ಒಡ್ಡು ನೋಡಲು ಬರುವವರಿದ್ದರು. ಒಡ್ಡು ಬಾಯಿಬಿಟ್ಟಿತ್ತು. ಉಳಿದಿದ್ದ ಚೂರುಪಾರು ಕರಿಮಣ್ಣನ್ನೂ ಜೆಸಿಬಿಯಿಂದ ಕೆರೆಸಿ ಸುಭಾಷ್ ಆ ಬಿರುಕಿಗೆ ತುಂಬಿಸಿದ್ದ. ಈಗ ಎತ್ತನ್ನೂ ಬೂಟಿನಿಂದ ಒದ್ದು ಅದರೊಳಕ್ಕೆ ತುಳಿದ. "ತಗೋ, ಇದೂ ಒಂದು ಹಿಡಿ ಮಣ್ಣು."

ಹೊನ್ನೂರಪ್ಪ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ.

ಸಂಜೆಗೇ ಮೋಡ ಕವಿದು ಕತ್ತಲಾಯಿತು. ಮಳೆ ಬೋರ್ಗರೆಯಿತು. ಒಡ್ಡು ಕೊಚ್ಚಿಹೋದರೆ ನೌಕರಿಯೂ ಹೋದೀತೆಂದು ಸುಭಾಷ್ ಬ್ಯಾಟರಿ ಹಿಡಿದು ಗುಂಡಿಗೆ ಇಳಿದ. ಮೊದಲ ಮಳೆಯ ವಾಸನೆ ಚೆನ್ನಾಗಿಯೇ ಇತ್ತು. ಅದರಡಿಯಿಂದ ಇನ್ನೊಂದು ವಾಸನೆ ಎದ್ದಿತು. ಸಗಣಿ. ಬೆವೆತ ದನದ ಮೈ. ಬೆನ್ನ ಹಿಂದೆ ಕೊರಳಗಂಟೆ ಸದ್ದಾಯಿತು.

"ಹೊನ್ನೂರಪ್ಪಾ?"

ಬ್ಯಾಟರಿ ಆರಿತು. ಕಿವಿಯ ಬಳಿ ಬಿಸಿ ಉಸಿರು. ಹೆಗಲ ಮೇಲೆ ಏನೋ ಕುಳಿತಿತು. ಮರದ ತೊಲೆಯಷ್ಟು ಭಾರ. ಮಂಡಿ ಊರಿತು. ಕೈ ಊರಿತು. ತಲೆ ಎತ್ತಲಾಗಲಿಲ್ಲ. ಪಕ್ಕದಲ್ಲಿ ಗೊರಸು ನೆಲ ಕೆರೆಯಿತು. ಹಿಂದೆ ಬಾರುಕೋಲು ಬೀಸಿದ ಸದ್ದು. ಬೆನ್ನು ಸುಟ್ಟಂತಾಯಿತು. ಕೂಗಿದ. ಬಾಯಿಂದ ಬಂದದ್ದು ಅವನ ದನಿಯಲ್ಲ. ಶೆಡ್ಡಿನೊಳಗೆ ಹೊನ್ನೂರಪ್ಪ ಎರಡು ಎತ್ತುಗಳ ಕೂಗು ಕೇಳಿದ.

ಬೆಳಿಗ್ಗೆ ಒಡ್ಡು ಇರಲಿಲ್ಲ. ಗರಸಿನ ಬರಿ ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ಒಂದೇ ನೇಗಿಲ ಸಾಲು ಬಿದ್ದಿತ್ತು. ಅದರ ಕೊನೆಯಲ್ಲಿ ಸುಭಾಷ್ ಮಂಡಿ, ಅಂಗೈ ಊರಿ ನಿಂತಿದ್ದ. ಜೀವವಿತ್ತು. ಕತ್ತಿನ ಚರ್ಮ ಕಿತ್ತುಬಂದಿತ್ತು. ಬಾಯಿಯಲ್ಲಿ ನೊರೆ, ಹಲ್ಲಿನ ನಡುವೆ ಕಲ್ಲು ಅಗಿಯುತ್ತಿದ್ದ. ಪಕ್ಕದಲ್ಲೇ ಮಣ್ಣಿನ ಎತ್ತು, ಅಷ್ಟು ಮಳೆಗೂ ಕರಗದೆ.

ಶಿವಲಿಂಗಮ್ಮ ಬಂದು ನೋಡಿದಳು. ನಗುತ್ತಾಳೆಂದು ಹೊನ್ನೂರಪ್ಪ ಹೆದರಿಕೊಂಡೇ ನಿಂತಿದ್ದ. ಅವಳು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿ ತುಂಬ ಎತ್ತಿಕೊಂಡಳು. ಬೆರಳ ಸಂದಿಯಿಂದ ಬರೀ ಕಲ್ಲು ಉದುರಿದವು. ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು.

"ಜೋಡಿ ಎತ್ತು ಸಿಕ್ತೋ ಹೊನ್ನೂರಪ್ಪ. ನನ್ನ ಮಣ್ಣೆಲ್ಲ ಭಟ್ಟ್ಯಾಗ ಸುಟ್ಟು ಇಟ್ಟಿಗಿ ಆಗೇತಿ. ಇನ್ನ ಎತ್ತು ತಗೊಂಡು ಏನು ಉಳಲಿ?"